ತಮ್ಮನಿಗೊಂದು ಕೋವಿ

ಹೀಥ್ರೂ

ಇಮಿಗ್ರೇಶನ್ನಿನವರು ಏನೇ ಕೇಳಿದರೂ ತಮ್ಮನ ಮನೆಗೆ ಬಂದಿದ್ದೇನೆ ಎಂದಷ್ಟೇ ಹೇಳು, ಹೆಚ್ಚಿಗೆ ಬಾಯಿ ಬಿಡಬೇಡ ಎಂದು ಸುಧಾಕರ ಫೋನಿನಲ್ಲಿ ಎಷ್ಟೋ ಸಲ ಎಚ್ಚರಿಸಿದ್ದ. ಆದರೆ ನಾನು ಕುಂದಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ವರ್ಷಗಟ್ಟಲೆ ಪಿ.ಟಿ. ಟೀಚರ್ ಆಗಿದ್ದವಳು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡಿ ಎಂದು ಮಕ್ಕಳಿಗೆ ಹೇಳಿ ಹೇಳಿ ಅದು ನನಗೇ ರೂಢಿಯಾಗಿಬಿಟ್ಟಿತ್ತು. ಗಾಜಿನ ಆಚೆ ಕೂತಿದ್ದ ಹುಡುಗಿ, ತಮ್ಮನ ಮನೆಯಲ್ಲಿ ಇಷ್ಟು ತಿಂಗಳು ಏನು ಮಾಡುತ್ತೀರಿ ಎಂದು ನಗುತ್ತಲೇ ಕೇಳಿದಳು. ಅವನೊಂದು ರೈಫಲ್ ಕೊಳ್ಳುತ್ತಿದ್ದಾನೆ, ಆರಿಸಲು ನಾನು ಸಹಾಯ ಮಾಡುತ್ತೇನೆ ಎಂದು ನಾನೂ ನಗುತ್ತಲೇ ಹೇಳಿದೆ.

ಅವಳ ನಗು ನಿಂತಿತು. ನನ್ನನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿದರು. ನನ್ನ ಪಕ್ಕದಲ್ಲಿ ಉಪ್ಪಿನಕಾಯಿಯ ಡಬ್ಬ ಸೋರಿ ಚೀಲವೆಲ್ಲ ಎಣ್ಣೆಯಾಗಿದ್ದ ಒಬ್ಬ ಗುಜರಾತಿ ಅಜ್ಜ ಕೂತಿದ್ದರು. ತಮ್ಮ ತಪ್ಪಿಗಿಂತ ನನ್ನದು ದೊಡ್ಡದೆಂದು ತಿಳಿದ ಮೇಲೆ ಅವರಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು.

ಹೊರಗೆ ಕಾಯುತ್ತಿದ್ದ ಸುಧಾಕರನಿಗೆ ಫೋನ್ ಹೋಯಿತು. ಅವನ ಪರವಾನಗಿಯ ವಿಚಾರಣೆ ಆಯಿತು. ಕೊನೆಗೆ ಹಿರಿಯ ಅಧಿಕಾರಿಯೊಬ್ಬರು ಬಂದು ಪಾಸ್‌ಪೋರ್ಟ್ ಕೈಗಿತ್ತು, ತಮ್ಮ ಮಾವನಿಗೂ ಸ್ಕಾಟ್‌ಲೆಂಡಿನಲ್ಲಿ ಜಿಂಕೆ ಬೇಟೆಯ ಹುಚ್ಚಿದೆ, ಕೋವಿಗೆ ಎಷ್ಟಾದರೂ ಖರ್ಚು ಮಾಡಿ, ಅದರ ಮೇಲೆ ಕೂರಿಸುವ ಗುರಿಯ ದುರ್ಬೀನಿನಲ್ಲಿ ಉಳಿಸಲು ಹೋಗಬೇಡಿ ಎನ್ನುತ್ತಾರೆ, ತಮ್ಮನಿಗೆ ತಿಳಿಸಿ ಎಂದರು. ಹೀಗೆ ಇಂಗ್ಲೆಂಡಿನಲ್ಲಿ ನನಗೆ ದೊರೆತ ಮೊದಲ ಉಪದೇಶ ಸರ್ಕಾರದ ಕಡೆಯಿಂದಲೇ ಬಂತು.

ಹೊರಗೆ ಬಂದಾಗ ಸುಧಾಕರ ತನ್ನ ಬಲಕ್ಕಿದ್ದ ನನ್ನನ್ನು ದಾಟಿ ಹೋಗಿ, ಹಿಂದಿನಿಂದ ಬರುತ್ತಿದ್ದ ಬೇರೆ ಯಾರದೋ ಮುಖವನ್ನು ಹುಡುಕುತ್ತಿದ್ದ. ಹೆಸರು ಹಿಡಿದು ಕರೆದ ಮೇಲೆ ತಿರುಗಿದ. ಐದು ವರ್ಷದಲ್ಲಿ ನಾನು ಅಷ್ಟು ಮುದುಕಿಯಾದೆನೇ ಎಂದುಕೊಂಡೆ.

ಫೆಲ್ಥಮ್

ಅವನ ಮನೆ ಫೆಲ್ಥಮ್‌ನಲ್ಲಿ. ತಲೆಯ ಮೇಲೆ ವಿಮಾನ ಹೋಗುವಾಗ ಇಲ್ಲಿಯವರು ಅರ್ಧಕ್ಕೆ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟ ಅಕ್ಷರದಿಂದಲೇ ಮುಂದುವರಿಸುತ್ತಾರೆ. ನಮ್ಮಲ್ಲಿ ಮೈಕಿನಲ್ಲಿ ಮಾತಾಡುತ್ತಿರುವಾಗ ಕರೆಂಟು ಹೋಗಿ ಬಂದ ಹಾಗೆ. ಸುಧಾಕರ ಮೊದಲು ಹೋಟೆಲಿನ ಅಡುಗೆಮನೆಯಲ್ಲಿ, ಆಮೇಲೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ದುಡಿದು ಈಗ ನಿವೃತ್ತನಾಗಿದ್ದಾನೆ. ಅವನ ಹೆಂಡತಿ ಪ್ರೇಮ ವಿಮಾನದ ಪ್ರಯಾಣಿಕರಿಗೆ ಊಟ ತಯಾರಿಸುವ ಅಡುಗೆಮನೆಗೆ ಈಗಲೂ ಹೋಗುತ್ತಾಳೆ.

ಮೆಟ್ಟಿಲಿನ ಕೆಳಗೆ ಒಂದು ಉಕ್ಕಿನ ಕಪಾಟನ್ನು ಗೋಡೆಗೆ ಬಿಗಿದಿದ್ದ. ಕೋವಿ ಇಡಲು ಅದು ಇರಲೇಬೇಕು. ಪೊಲೀಸರು ಮನೆಗೇ ಬಂದು ಅದನ್ನು ಎಳೆದು ನೋಡಿ, ಡಾಕ್ಟರರನ್ನು ಕೇಳಿ, ಅವನನ್ನು ಬಲ್ಲವರನ್ನು ಕೇಳಿ, ಪ್ರೇಮಳನ್ನು ಬೇರೆಯಾಗಿ ಕೂರಿಸಿ ಮಾತಾಡಿಸಿ ಪರವಾನಗಿ ಕೊಟ್ಟಿದ್ದರು. ಕೋವಿ ಬರುವವರೆಗೆ ಕಪಾಟು ಖಾಲಿ ಯಾಕಿರಬೇಕು ಎಂದು ಪ್ರೇಮ ಅದರಲ್ಲಿ ಬೆಳ್ಳಿಯ ದೀಪ, ಆರತಿ ತಟ್ಟೆಗಳನ್ನು ಇಟ್ಟಿದ್ದಳು.

ಈ ವಯಸ್ಸಿನಲ್ಲಿ ಇವನಿಗೆ ಈ ಆಸೆ ಹೇಗೆ ಹುಟ್ಟಿತು ಎಂದು ಅವಳೇ ಹೇಳಿದಳು. ಕೌನ್ಸಿಲ್ ಕೊಟ್ಟ ಚೂರು ಜಾಗದಲ್ಲಿ ಅವನು ಹರಿವೆ, ಬಸಳೆ ಬೆಳೆಯುತ್ತಾನೆ. ಅದಕ್ಕೆ ಗೊಬ್ಬರ ತರಲು ಲಂಡನ್ನಿನ ತೆಂಕಣ ತುದಿಯ ಒಂದು ಹೊಲಕ್ಕೆ ಹೋಗಿದ್ದ. ಚೀಲ ತುಂಬುತ್ತಿರುವಾಗ ಪೊದೆಯೊಳಗಿನಿಂದ ನಾಯಿ ಬೊಗಳಿದ ಹಾಗೆ ಒಂದು ಕೂಗು. ನಾಯಿಯಲ್ಲ, ಕಾಡುಕುರಿ. ಊರಿನಲ್ಲಿ ಸಂಜೆ ಗುಡ್ಡದ ಕಡೆಯಿಂದ ಕೇಳುತ್ತಿದ್ದ ಅದೇ ಒರಟು ದನಿ. ಎಂದೋ ಚೀನಾದಿಂದ ತಂದು ಸಾಕಿದ್ದು ತಪ್ಪಿಸಿಕೊಂಡು ಇಲ್ಲಿಯ ಕಾಡಿನಲ್ಲೆಲ್ಲ ಹಬ್ಬಿದೆಯಂತೆ; ಮಂಟ್‌ಜಾಕ್ ಎನ್ನುತ್ತಾರೆ. ಆ ದಿನ ಅವನು ಗೊಬ್ಬರ ಬಿಟ್ಟು ಕತ್ತಲಾಗುವವರೆಗೆ ಬೇಲಿಯ ಹತ್ತಿರ ನಿಂತಿದ್ದನಂತೆ.

ಹೊಲದ ಯಜಮಾನ ಟಾಮ್‌ಗೆ ಆ ಪ್ರಾಣಿಯಿಂದ ಸಾಕಾಗಿ ಹೋಗಿತ್ತು. ನೆಟ್ಟ ಸಸಿಯನ್ನೆಲ್ಲ ಅದು ಚಿಗುರಿನಲ್ಲೇ ತಿಂದು ಮುಗಿಸುತ್ತದೆ. ಅದನ್ನು ತಿನ್ನಲು ಇಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ. ಹಾಗಾಗಿ ಮನುಷ್ಯನೇ ಕಡಿಮೆ ಮಾಡಬೇಕು; ಅದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. ಕಲಿತು ಪರವಾನಗಿ ತಂದರೆ ನನ್ನ ಹೊಲಕ್ಕೆ ಬಾ ಎಂದಿದ್ದ ಟಾಮ್.

ನಮ್ಮ ಅಪ್ಪಯ್ಯನಿಗೂ ಬೆಳೆ ಕಾಯಲು ಒಂದು ಕೋವಿಯಿತ್ತು. ಹಂದಿ ಓಡಿಸಲು ಆಕಾಶಕ್ಕೆ ಈಡು ಬಿಟ್ಟದ್ದೇ ಹೆಚ್ಚು. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕಿತ್ತು. ನಾನು ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿ ರೈಫಲ್ ಹಿಡಿದು, ರಾಜ್ಯದ ತಂಡದವರೆಗೆ ಹೋಗಿದ್ದೆ. ಮದುವೆ, ಕೆಲಸ ಎಂದಾದ ಮೇಲೆ ಅದೆಲ್ಲ ಮುಗಿಯಿತು. ಊರಿನಲ್ಲಿ ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜ್ ಎಲ್ಲಿಂದ ಬರಬೇಕು? ಅಕ್ಕ ಬಂದು ನೋಡದೆ ಕೋವಿ ಕೊಳ್ಳುವುದಿಲ್ಲ ಎಂದು ಸುಧಾಕರ ಹಟ ಹಿಡಿದಾಗ ನನ್ನ ಒಳಗೆ ಏನೋ ಎದ್ದು ಕೂತದ್ದು ನಿಜ.

ರಾತ್ರಿ ಊಟಕ್ಕೆ ಅವನೇ ಬಡಿಸಿದ. ಸಾರು ನನ್ನ ಅನ್ನಕ್ಕೆ ಬೀಳದೆ ತಟ್ಟೆಯ ಅಂಚಿಗೆ ಬಿದ್ದು ಮೇಜಿನ ಮೇಲೆ ಹರಿಯಿತು. ಪ್ರೇಮ ಬಟ್ಟೆ ತಂದು ಒರೆಸಿದಳು. ಅದು ಅವಳಿಗೆ ಹೊಸತಲ್ಲ ಎಂದು ಅವಳ ಕೈಯ ವೇಗದಲ್ಲೇ ಗೊತ್ತಾಗುತ್ತಿತ್ತು.

ಮಾರ್ಗರೆಟ್‌ಳ ಅಂಗಡಿ

ಕೋವಿಯ ಅಂಗಡಿ ಎಂದರೆ ಸಿನಿಮಾದಲ್ಲಿ ತೋರಿಸುವ ಹಾಗಿರುತ್ತದೆ ಎಂದುಕೊಂಡಿದ್ದೆ. ಒಂದು ಬದಿಯಲ್ಲಿ ಬೇಕರಿ, ಇನ್ನೊಂದು ಬದಿಯಲ್ಲಿ ನಾಯಿಗೆ ಕ್ಷೌರ ಮಾಡುವ ಅಂಗಡಿ, ನಡುವೆ ಇದು. ಬೆಲ್ ಒತ್ತಿದ ಮೇಲೆ ಒಳಗಿನವರು ಮುಖ ನೋಡಿ ಬಾಗಿಲು ತೆಗೆಯಬೇಕು. ನಮ್ಮೂರಿನ ಚಿನ್ನದಂಗಡಿಯ ಹಾಗೆ. ಒಳಗೆ ಎಣ್ಣೆಯ, ಮರದ, ಒದ್ದೆ ನಾಯಿಯ ವಾಸನೆ. ಯಜಮಾನಿ ಮಾರ್ಗರೆಟ್ ನನ್ನ ವಯಸ್ಸಿನವಳೇ. ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಕನ್ನಡಕ, ಮೊಣಕೈ ಹರಿದ ಸ್ವೆಟರ್. ಚಹಾ ಕುಡಿಯದೆ ಯಾವ ಕೋವಿಯನ್ನೂ ತೋರಿಸುವುದಿಲ್ಲ ಎಂಬುದು ಅವಳ ನಿಯಮ.

ಸುಧಾಕರನ ಕಣ್ಣು ಒಳಗೆ ಕಾಲಿಟ್ಟ ಕೂಡಲೇ ಒಂದರ ಮೇಲೆ ನಾಟಿತು. ಆಕ್ರೋಟಿನ ಮರದ ಹಿಡಿಯ ಕೋವಿ. ಮರದೊಳಗೆ ಹೊಗೆಯಾಡಿದ ಹಾಗೆ ಕಪ್ಪು ಗೆರೆಗಳು. ಅವನು ಅದನ್ನು ಸವರಿದ್ದನ್ನು ನೋಡಿದರೆ ಅದು ಕೊಳ್ಳುವ ವಸ್ತು ಎಂದು ಯಾರೂ ಅನ್ನುತ್ತಿರಲಿಲ್ಲ.

ಮಾರ್ಗರೆಟ್ ಆತುರ ಪಡಲಿಲ್ಲ. ಯಾವ ಪ್ರಾಣಿ, ಎಷ್ಟು ದೂರದಿಂದ, ನಡೆಯುತ್ತಾ ಹುಡುಕುವುದೋ ಕೂತು ಕಾಯುವುದೋ ಎಂದು ಒಂದೊಂದಾಗಿ ಕೇಳಿದಳು. ಪರವಾನಗಿಯಲ್ಲಿ ಬರೆದ ಅಳತೆಯ ತೋಟೆಯನ್ನು ಹಾರಿಸುವ ಮೂರು ಕೋವಿಗಳನ್ನಷ್ಟೇ, ಆ ಆಕ್ರೋಟಿನ ಹಿಡಿಯದನ್ನೂ ಸೇರಿಸಿ, ಮೇಜಿನ ಮೇಲೆ ಇಟ್ಟಳು. ಮೂರೂ ಒಂದೊಂದೇ ಗುಂಡನ್ನು ಕೈಯಿಂದ ಬೋಲ್ಟ್ ಎಳೆದು ತುಂಬಿಸುವಂಥವು. ಅವು ಕೆಡುವುದು ಕಡಿಮೆ, ಒದ್ದೆಯಾದರೂ ಕೆಸರಾದರೂ ಕೈಕೊಡುವುದಿಲ್ಲ ಎಂದಳು. ಕಾಗದದ ಮೇಲೆ ಗುಂಡುಗಳು ಎಷ್ಟು ಒತ್ತೊತ್ತಾಗಿ ಬಿದ್ದವು ಎಂದು ಗಂಡಸರು ಕೊಚ್ಚಿಕೊಳ್ಳುತ್ತಾರೆ, ನನಗೆ ಅದು ಮುಖ್ಯವಲ್ಲ ಎಂದಳು. ಕಪಾಟಿನಿಂದ ತೆಗೆದ ತಣ್ಣಗಿನ ಕೋವಿಯ ಮೊದಲ ಗುಂಡು ಎಲ್ಲಿ ಬೀಳುತ್ತದೆ? ಇಂದು ಬಿದ್ದಲ್ಲೇ ಮುಂದಿನ ತಿಂಗಳು ಮಳೆಯಲ್ಲೂ ಬೀಳುತ್ತದೆಯೇ? ಜಿಂಕೆಗೆ ಸಿಗುವುದು ಅದೊಂದೇ ಗುಂಡು. ಅದು ತಪ್ಪಿದರೆ ಅನುಭವಿಸುವುದು ನಾವಲ್ಲ, ಅದು.

ಚಂದದ ಮರಕ್ಕೆ ಒಂದು ದೋಷವಿದೆ ಎಂದೂ ಹೇಳಿದಳು. ಒದ್ದೆ ಹವೆಯಲ್ಲಿ ಉಬ್ಬಿ ನಳಿಗೆಯನ್ನು ಒತ್ತುತ್ತದೆ. ಗುಂಡು ಗುರಿಯಿಂದ ಅಷ್ಟು ಸರಿದು ಬೀಳುತ್ತದೆ. ಮಳೆಗಾಲದಲ್ಲಿ ನಮ್ಮ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವ ಹಾಗೆ. ಎಲ್ಲ ಮರವೂ ಹಾಗಲ್ಲ, ಆದರೆ ಪರೀಕ್ಷಿಸದೆ ನಂಬಬಾರದು ಎಂದಳು.

ಆಮೇಲೆ, ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೆ ಏರಿಸಿ, ಕೆನ್ನೆ ಇಟ್ಟು, ಈಗ ಕಣ್ಣು ತೆರೆಯಿರಿ ಎಂದಳು. ಕೋವಿ ನಮ್ಮ ಮೈಗೆ ಹೊಂದಿದರೆ ತೆರೆದ ಕಣ್ಣಿಗೆ ದುರ್ಬೀನಿನ ವೃತ್ತ ಪೂರ್ತಿ ಸಿಗಬೇಕು. ಕತ್ತು ಎಳೆದು ಹುಡುಕುವಂತಿರಬಾರದು. ನನಗೆ ಕೊಟ್ಟಾಗ ಒಂದು ಕೋವಿ ಉದ್ದವಾಯಿತು, ಇನ್ನೊಂದು ಕೆನ್ನೆಗೆ ತಗ್ಗಾಯಿತು. ಸುಧಾಕರನಿಗೆ ಮಾತ್ರ ಮೂರೂ ಸರಿಯಾದವು. ಎಲ್ಲದಕ್ಕೂ, ಸರಿ ಉಂಟು, ಸರಿ ಉಂಟು ಎಂದ. ಮಾರ್ಗರೆಟ್ ಕನ್ನಡಕದ ಮೇಲಿನಿಂದ ಅವನನ್ನು ನೋಡಿ, ರೇಂಜಿಗೆ ಬನ್ನಿ, ಹಾರಿಸಿ ನೋಡಿದ ಮೇಲೆ ತೀರ್ಮಾನಿಸುವ ಎಂದಳು.

ರೇಂಜ್

ರೇಂಜ್ ಲಂಡನ್ ಮುಗಿದು ಹೀದರ್ ಪೊದೆಗಳು ಶುರುವಾಗುವಲ್ಲಿತ್ತು. ಅತಿಥಿಗಳಿಗೂ ಅವಕಾಶವಿದ್ದ ದಿನವಾದ್ದರಿಂದ ನನಗೂ ಒಂದು ಜಾಗ ಸಿಕ್ಕಿತು. ಅಲ್ಲಿಯವರ ಶಿಸ್ತು ನನಗೆ ಬಹಳ ಹಿಡಿಸಿತು. ಯಾರೂ ದನಿ ಎತ್ತುವುದಿಲ್ಲ. ಗುರಿಯ ಹಾಳೆ ತರಲು ಜನ ಮುಂದೆ ಹೋಗಿರುವಾಗ ಕೋವಿ ಮುಟ್ಟಿದರೆ ಯಾರೂ ಬಯ್ಯುವುದಿಲ್ಲ, ಎಲ್ಲರೂ ನಿಮ್ಮತ್ತ ಸುಮ್ಮನೆ ನೋಡುತ್ತಾರೆ. ಅದು ಬೈಗುಳಕ್ಕಿಂತ ಜೋರು.

ಸುಧಾಕರ ಮರದ ಹಿಡಿಯ ಕೋವಿಯಿಂದ ಶುರುಮಾಡಿದ. ಗುಂಡುಗಳು ಹಾಳೆಯ ಉದ್ದಗಲಕ್ಕೂ ಚದುರಿ ಬಿದ್ದವು. ದುರ್ಬೀನು ಸರಿಯಿಲ್ಲ ಎಂದ. ಎರಡನೆಯದನ್ನು ಕೊಟ್ಟರು, ಅದೂ ಹಾಗೆಯೇ. ಇದರದ್ದೂ ದುರ್ಬೀನು ಮಂಜಾಗಿದೆ ಎಂದ. ಮಾರ್ಗರೆಟ್ ಸ್ಕ್ರೂಗಳನ್ನೆಲ್ಲ ಬಿಗಿದು ನೋಡಿ ತಾನೇ ಹಾರಿಸಿದಳು. ಗುಂಡು ನೆಟ್ಟಗೆ ಹೋಯಿತು. ಮೂರನೆಯ ಕೋವಿಯ ಸರದಿಯಲ್ಲಿ ಹಾಳೆ ನೋಡಿದರೆ ಗುಂಡಿನ ಗುರುತೇ ಇಲ್ಲ. ಆಗ ಪಕ್ಕದ ಜಾಗದಲ್ಲಿದ್ದ ಮುದುಕರೊಬ್ಬರು ಟೋಪಿ ಎತ್ತಿ, ನನ್ನ ಗುರಿಗೆ ಅಂಕ ಸೇರಿಸಿದ್ದಕ್ಕೆ ಬಹಳ ಉಪಕಾರವಾಯಿತು ಎಂದರು. ಎಲ್ಲರೂ ನಕ್ಕರು. ಸುಧಾಕರನೂ ನಕ್ಕ, ಆದರೆ ಅವನ ಕಿವಿ ಕೆಂಪಾಗಿತ್ತು.

ಅವನು ಎದ್ದು ನನಗೆ ಜಾಗ ಕೊಟ್ಟ. ನಾನು ಮಲಗಿ ಹಿಡಿಯನ್ನು ಭುಜಕ್ಕೆ ಒತ್ತಿದೆ. ಎಷ್ಟು ವರ್ಷವಾಗಿತ್ತು ಆ ಭಾರವನ್ನು ಹೊತ್ತು! ಉಸಿರು ಬಿಟ್ಟು ಅರ್ಧಕ್ಕೆ ತಡೆದು, ಒಣಗಿದ ಹುರುಳಿಕಾಯಿ ಸಿಡಿಯುವ ಹೊತ್ತಿನ ಹಾಗೆ ಬೆರಳಿಗೇ ತಿಳಿಯದಂತೆ ಒತ್ತಿದೆ. ಸುಟ್ಟ ಮದ್ದಿನ ವಾಸನೆ ಮೂಗಿಗೆ ಬಂದಾಗ, ಮೈದಾನದ ಬಿಸಿಲು, ಖಾಕಿ ಅಂಗಿಯ ಗಂಜಿ, ಜೊತೆಗಿದ್ದ ಹುಡುಗಿಯರ ಪಿಸುಮಾತು ಎಲ್ಲ ಒಮ್ಮೆಲೇ ಬಂದುಬಿಟ್ಟವು. ಅವರೆಲ್ಲ ಈಗ ಎಲ್ಲಿದ್ದಾರೋ. ಹಾಳೆ ತಂದಾಗ ಗುಂಡಿನ ತೂತುಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಮಾರ್ಗರೆಟ್ ನನ್ನ ಭುಜ ತಟ್ಟಿದಳು. ನನಗೆ ಸಂತೋಷವಾಗಬೇಕಿತ್ತು. ಆದರೆ ಅದೇ ಕೋವಿ, ಅದೇ ದುರ್ಬೀನು.

ಶಾಲೆಯಲ್ಲಿ ಪ್ರತಿ ವರ್ಷ ಮಕ್ಕಳ ಕಣ್ಣು ಪರೀಕ್ಷೆಗೆ ಸಾಲು ನಿಲ್ಲಿಸುತ್ತಿದ್ದವಳು ನಾನೇ. ಕೋವಿಗಳನ್ನೆಲ್ಲ ಖಾಲಿ ಮಾಡಿ ಇಟ್ಟ ಮೇಲೆ ಸುಧಾಕರನನ್ನು ಮರದ ನೆರಳಿಗೆ ಕರೆದುಕೊಂಡು ಹೋದೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನನ್ನನ್ನು ನೋಡು ಎಂದೆ. ಮೊದಲು ಒಪ್ಪಲಿಲ್ಲ. ಆಮೇಲೆ ಮುಚ್ಚಿದ.

"ಎಂತ ಕಾಣತ್ತ್ ಹೇಳ್."

"ನಿನ್ನ ಬೆಂಡೋಲೆ ಕಾಣತ್ತ್. ತಲಿಕೂದಲ್ ಕಾಣತ್ತ್. ಹಿಂದಿನ ಮರ ಕಾಣತ್ತ್." ಅವನು ತಲೆಯನ್ನು ಅತ್ತ ಇತ್ತ ಓರೆ ಮಾಡಿದ. "ಮುಖ ಕಾಣ್ತಿಲ್ಲೆ ಅಕ್ಕ."

ಹೌನ್ಸ್ಲೋ

ಹೌನ್ಸ್ಲೋದ ಕನ್ನಡಕದ ಅಂಗಡಿಯಲ್ಲಿ ಕಣ್ಣಿನ ಒಳಗಿನ ಚಿತ್ರ ತೆಗೆದರು. ಅಲ್ಲಿಂದ ಆಸ್ಪತ್ರೆಗೆ ಕಳಿಸಿದರು. ಬಲಗಣ್ಣಿನ ಪರದೆಯ ನಡುಭಾಗ ಹಾಳಾಗಿದೆ, ಗಾಯ ಹಳೆಯದು, ಕಳೆದುಹೋದ ನೋಟ ಮರಳಿ ಬರುವುದಿಲ್ಲ ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿದರು. ಎಡಗಣ್ಣು ಚೆನ್ನಾಗಿದೆ, ಆಗಾಗ ಬಂದು ತೋರಿಸಿ, ಅದನ್ನು ನಾವು ಕಾಯುತ್ತೇವೆ ಎಂದರು. ಇದು ಎಂದಿನಿಂದ ಎಂದು ಕೇಳಿದರು. ಒಂದು ಕಣ್ಣು ಇನ್ನೊಂದರ ಕೆಲಸವನ್ನು ಮಾಡಿಕೊಂಡು ಬಂದಿತ್ತು. ಯಾರಿಗೂ ತಿಳಿಯಲಿಲ್ಲ, ಅವನಿಗೂ.

ಆಸ್ಪತ್ರೆಯಿಂದ ಹೊರಬಂದು ಬಸ್ಸು ಹತ್ತದೆ ನಡೆಯುತ್ತಾ ಹೊರಟೆವು. ಹೈ ಸ್ಟ್ರೀಟಿನಲ್ಲಿ ಕೊತ್ತಂಬರಿ, ಬೆಂಡೆಕಾಯಿ, ಹಲಸಿನ ತುಂಡು ಎಲ್ಲ ಹೊರಗೆ ಜೋಡಿಸಿದ್ದರು. ಇಲ್ಲಿ ನೆಲ ನೋಡಿಕೊಂಡು ನಡೆದರೆ ಊರಿನ ಪೇಟೆ; ತಲೆ ಎತ್ತಿದರೆ ಕೆಂಪು ಬಸ್ಸು, ಬೂದು ಆಕಾಶ. ಅವನು ಒಂದು ಹಲಸಿನ ತುಂಡನ್ನು ಎತ್ತಿ ಮೂಸಿ ವಾಪಸು ಇಟ್ಟ. ಬಂದ ಹೊಸದರಲ್ಲಿ ಪ್ರತಿ ವರ್ಷವೂ ಬರುವ ವರ್ಷ ಊರಿಗೆ ಹೋಗಿಬಿಡುತ್ತೇನೆ ಎಂದುಕೊಳ್ಳುತ್ತಿದ್ದನಂತೆ. ಆಮೇಲೆ ಹಾಗೆ ಅಂದುಕೊಳ್ಳುವುದು ಎಂದು ನಿಂತಿತೆಂಬುದೂ ತನಗೆ ಗೊತ್ತಾಗಲಿಲ್ಲ ಎಂದ. ಕಣ್ಣಿನ ಮಾತಿನ ನಡುವೆ ಇದು ಯಾಕೆ ಬಂತೆಂದು ನಾನು ಕೇಳಲಿಲ್ಲ.

ಮನೆಗೆ ಬಂದು ತಾನೇ ಪರವಾನಗಿ ಕೊಟ್ಟ ಪೊಲೀಸರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದ. ಅವರು ಡಾಕ್ಟರರ ಮಾತು ತರಿಸಿಕೊಂಡು, ಒಂದು ಕಣ್ಣು ಚೆನ್ನಾಗಿದ್ದರೆ ನಮ್ಮದು ಅಡ್ಡಿಯಿಲ್ಲ, ಹೊಸದಾಗಿ ಅಭ್ಯಾಸ ಮಾಡಿಕೊಂಡ ಮೇಲೆಯೇ ಬೇಟೆಗೆ ಹೋಗಿ ಎಂದರು. ಅಡ್ಡಿ ಇದ್ದದ್ದು ಇವನದೇ. ಎಡಗಣ್ಣಿನಲ್ಲಿ ನೋಡಬೇಕೆಂದರೆ ಕೋವಿ ಎಡಭುಜಕ್ಕೆ ಬರಬೇಕು, ಎಡಬೆರಳು ಕೋವಿಯ ಕುದುರೆಯನ್ನು, ಅಂದರೆ ಟ್ರಿಗರನ್ನು, ಎಳೆಯಬೇಕು. ಎಡಗೈಯಲ್ಲಿ ಉಂಡ ಹಾಗೆ, ನನ್ನಿಂದಾಗದು ಎಂದುಬಿಟ್ಟ. ಟಾಮ್‌ಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಲು ತಿಳಿಸುತ್ತೇನೆ ಎಂದ. ಪ್ರೇಮ ಕಪಾಟಿನ ಬೆಳ್ಳಿಯನ್ನು ಉಜ್ಜಿ ಮತ್ತೆ ಅಲ್ಲೇ ಇಟ್ಟಳು. ಅವಳು ಮೊದಲಿನಿಂದಲೂ ಈ ಕೋವಿ ಬೇಡವೆಂದವಳು. ಈಗ ಅದು ತಪ್ಪಿತೆಂದು ಅವಳಿಗೆ ಸಂತೋಷವಾಗಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಹಿತ್ತಲು

ಕೆಲವು ವಾರ ಅವನು ಬಸಳೆಗೆ ನೀರು ಹಾಕಲೂ ಹೋಗಲಿಲ್ಲ. ಕಿಟಕಿಯ ಹತ್ತಿರ ಕೂತು ವಿಮಾನ ಎಣಿಸುತ್ತಿದ್ದ. ಎಡಗಣ್ಣಿನಿಂದಲೇ ಇಷ್ಟು ವರ್ಷ ಜಗತ್ತನ್ನು ನೋಡಿದ್ದೀಯ, ಇನ್ನು ಮೇಲೆ ಗೊತ್ತಿದ್ದು ನೋಡು, ಅಷ್ಟೇ ವ್ಯತ್ಯಾಸ ಎಂದು ನಾನು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಒಂದು ಮಧ್ಯಾಹ್ನ ಸಿಟ್ಟು ಬಂದು ಹಿತ್ತಲಿನ ಕಸಬರಿಗೆಯನ್ನು ತಂದು ಅವನ ಎಡಭುಜಕ್ಕೆ ಇಟ್ಟೆ. ಶಾಲೆಯಲ್ಲಿ ಕೈಕಾಲು ಕೂಡಿಸಲು ಬಾರದ ಹುಡುಗಿಯರಿಗೆ ಓಟ ಕಲಿಸಿದವಳು ನಾನು, ನೀನು ಯಾವ ಲೆಕ್ಕ ಎಂದೆ. ಅವನು ನಗೆ ತಡೆಯಲಾರದೆ ಎದ್ದು ನಿಂತ. ಕಣ್ಣು ಮುಚ್ಚು, ಭುಜಕ್ಕೆ ಏರಿಸು, ಕೆನ್ನೆ ಇಡು, ಕಣ್ಣು ತೆರೆ. ಕಸಬರಿಗೆ ಅವನ ಮೂಗಿಗೆ ಬಡಿಯಿತು. ಬೇಲಿಯಾಚೆಯ ಪೋಲಿಷ್ ಹೆಂಗಸು ಬಟ್ಟೆ ಒಣಗಿಸುವುದನ್ನು ನಿಲ್ಲಿಸಿ ನೋಡಿದಳು. ಇಲ್ಲಿಯವರ ಪದ್ಧತಿಯಂತೆ ಏನನ್ನೂ ಕೇಳದೆ, ಹವೆ ಚೆನ್ನಾಗಿದೆ ಅಲ್ಲವೇ ಎಂದು ಹೇಳಿ ಒಳಗೆ ಹೋದಳು.

ಅಂದಿನಿಂದ ದಿನವೂ ಅದೇ ಪಾಠ. ಅವನು ಎಡಗೈಯಲ್ಲಿ ಹಲ್ಲುಜ್ಜಿದ, ಎಡಗೈಯಲ್ಲಿ ಬೀಗ ತೆಗೆದ. ಊಟ ಮಾತ್ರ ಬಲಗೈಯಲ್ಲೇ. ಅದನ್ನು ಕೇಳುವ ಧೈರ್ಯ ನನಗೂ ಇರಲಿಲ್ಲ. ಒಂದು ಸಂಜೆ ಕೆಲಸದಿಂದ ಬಂದ ಪ್ರೇಮ ಬಾಗಿಲಲ್ಲೇ ನಿಂತು ನೋಡಿದಳು. ಚೀಲವನ್ನೂ ಇಳಿಸಿರಲಿಲ್ಲ.

"ಕಾಣಿ, ಮೊಣಕೈ ಕೆಳಗ್ ಮಾಡಿ," ಎಂದಳು ಅವಳು ಗಂಡನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಅತ್ತಿಗೆ, ಇವ್ರ್ ಮೂಡಬಿದ್ರಿ ಬಸದಿ ಕಂಬ ನಿಂತಾಂಗ್ ನಿಂತ್ರೆ ಹ್ಯಾಂಗೆ? ನೀವಾರೂ ಹೇಳೂದಲ್ದಾ?"

ಮರುದಿನ ನೋಡಿದರೆ ಉಕ್ಕಿನ ಕಪಾಟು ಖಾಲಿಯಿತ್ತು. ಬೆಳ್ಳಿಯ ದೀಪಗಳು ದೇವರ ಮುಂದಕ್ಕೆ ಬಂದಿದ್ದವು.

ಮತ್ತೆ ಅಂಗಡಿ

ಎಡಗೈಯವರ ಕೋವಿ ಅಂಗಡಿಯಲ್ಲಿ ಇದ್ದದ್ದು ಒಂದೇ. ಯಾರೋ ಬಳಸಿ ಮಾರಿದ್ದು, ಬೋಲ್ಟ್ ಎಡಬದಿಗೆ, ಹಿಡಿ ಮರದ್ದಲ್ಲ, ಬಕೆಟ್ಟಿನ ಬಣ್ಣದ ಪ್ಲಾಸ್ಟಿಕ್ಕು. ಒಂದು ಬದಿಯಲ್ಲಿ ತಂತಿಬೇಲಿ ಗೀಚಿದ ಉದ್ದದ ಗೆರೆ. ಕೊಳ್ಳುವವರಿಲ್ಲದೆ ಹಿಂದಿನ ಕೋಣೆಯಲ್ಲಿ ಕೂತಿತ್ತು. ಮಾರ್ಗರೆಟ್ ಅದನ್ನು ಹೊಗಳಲು ಹೋಗಲಿಲ್ಲ. ನಳಿಗೆಯ ಒಳಗೆ ಬೆಳಕು ಬಿಟ್ಟು ತೋರಿಸಿ, ಸವೆದಿಲ್ಲ ಎಂದಷ್ಟೇ ಹೇಳಿದಳು.

ಸುಧಾಕರ ಕಣ್ಣು ಮುಚ್ಚಿ ಅದನ್ನು ಎಡಭುಜಕ್ಕೆ ಏರಿಸಿದ. ಕಣ್ಣು ತೆರೆದ. ಕಿಟಕಿಯಾಚೆ, ರಸ್ತೆಯ ಆ ಬದಿಯ ಚರ್ಚಿನ ಗೋಪುರದ ಮೇಲಿದ್ದ ತಗಡಿನ ಹುಂಜವನ್ನು ನೋಡುತ್ತಿದ್ದ. ಅದರ ಬಾಲದಲ್ಲಿ ಒಂದು ಗರಿ ಮುರಿದಿದೆ ಎಂದ. ಮಾರ್ಗರೆಟ್ ಹೊರಗೆ ಹೋಗಿ ಕತ್ತೆತ್ತಿ ನೋಡಿ ಬಂದು, ಇಷ್ಟು ವರ್ಷದಲ್ಲಿ ನಾನು ಅದನ್ನು ಗಮನಿಸಿರಲಿಲ್ಲ ಎಂದಳು.

ಆದರೂ ಅಂದೇ ಕೊಳ್ಳಲು ಅವಳು ಬಿಡಲಿಲ್ಲ. ಬೇಸಿಗೆಯುದ್ದಕ್ಕೂ ಬೇರೆ ಬೇರೆ ದಿನ ರೇಂಜಿಗೆ ಕರೆದಳು. ಒಮ್ಮೆ ಸುಡುವ ಬಿಸಿಲು, ಒಮ್ಮೆ ಜಡಿಮಳೆ. ಪ್ರತಿ ಸಲವೂ ಒಂದೇ ಹಾಳೆಯನ್ನು ತಂದು ಅದಕ್ಕೆ ತಣ್ಣಗಿನ ಕೋವಿಯ ಮೊದಲ ಗುಂಡನ್ನು ಮಾತ್ರ ಹಾರಿಸಲು ಹೇಳುತ್ತಿದ್ದಳು. ಎಡಭುಜ ಮೊದಮೊದಲು ಬೆದರುತ್ತಿತ್ತು. ಗುಂಡು ಹಾರುವ ಮೊದಲೇ ಅವನು ಕಣ್ಣು ಮುಚ್ಚುತ್ತಿದ್ದ. ತೋಟೆಯಿಲ್ಲದೆ ಖಾಲಿ ಕೋವಿಯ ಕುದುರೆ ಎಳೆಸಿ ಎಳೆಸಿ ಆ ಬೆದರಿಕೆಯನ್ನು ಬಿಡಿಸಿದೆವು. ಬೇಸಿಗೆಯ ಕೊನೆಗೆ ಆ ಹಾಳೆಯ ನಡುವೆ ಬಿಸಿಲಿನ ದಿನದ ತೂತು, ಮಳೆಯ ದಿನದ ತೂತು ಎಲ್ಲ ಒಂದು ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲೇ ಇದ್ದವು. ಈಗ ಕೊಳ್ಳಬಹುದು ಎಂದಳು ಮಾರ್ಗರೆಟ್.

ಹೊರಡುವಾಗ ಅವನು ಆ ಆಕ್ರೋಟಿನ ಹಿಡಿಯನ್ನು ಮತ್ತೊಮ್ಮೆ ಸವರಿದ. ಬಲಗೈಯಿಂದ. ಆಮೇಲೆ ಕಪ್ಪು ಕೋವಿಯ ಚೀಲವನ್ನು ಎಡಭುಜಕ್ಕೆ ಹಾಕಿಕೊಂಡು ಬಾಗಿಲಿಗೆ ನಡೆದ.

ಬಸ್ಸಿನ ಕೊನೆಯ ನಿಲ್ದಾಣದಾಚೆ

ಟಾಮ್‌ನ ಹೊಲವೂ ಲಂಡನ್ನಿನೊಳಗೇ ಬರುತ್ತದೆ ಎಂದರೆ ಊರಿನವರು ಯಾರೂ ನಂಬಲಿಲ್ಲ. ಕೆಂಪು ಬಸ್ಸು ಬಂದು ತಿರುಗುವ ಜಾಗದಿಂದ ಸ್ವಲ್ಪ ಆಚೆಗೆ ಕುರಿಗಳು ಮೇಯುತ್ತಿರುತ್ತವೆ. ಅಲ್ಲಿಂದಾಚೆ ಇಳಿಜಾರಿನಲ್ಲಿ ಹೇಝಲ್ ಮರಗಳ ಚಿಕ್ಕ ಕಾಡು. ನಾನು ಊರಿಗೆ ಹೊರಡುವ ಮುಂಚಿನ ವಾರ, ಸೆಪ್ಟೆಂಬರಿನ ಒಂದು ಸಂಜೆ, ನಾವಿಬ್ಬರೇ ಹೋದೆವು.

ಕಾಡಿನಂಚಿನಲ್ಲಿ ಟಾಮ್ ಒಂದು ಮರದ ಅಟ್ಟಣಿಗೆ ಮಾಡಿಟ್ಟಿದ್ದಾನೆ. ಇಬ್ಬರು ಒತ್ತಿಕೊಂಡು ಕೂರಬಹುದು. ಎತ್ತರದಿಂದ ಹಾರಿಸಿದ ಗುಂಡು ತಪ್ಪಿದರೂ ನೆಲಕ್ಕೇ ಹೋಗುತ್ತದೆ, ಆಚೆಯ ಕಾಲುದಾರಿಯವರಿಗೆ ಅಪಾಯವಿಲ್ಲ. ಏರಿ ಕೂತೆವು. ಮಾತಿಲ್ಲ. ಅಳಿಲೊಂದು ನಮ್ಮ ಕಾಲ ಬುಡದಲ್ಲೇ ಓಡಾಡಿತು. ದೂರದಲ್ಲಿ ವಿಮಾನ ಇಳಿಯುವ ಸದ್ದು ಬಂದು ಬಂದು ಹೋಗುತ್ತಿತ್ತು. ಇಲ್ಲಿಗೆ ಅದು ದೂರದ ಸಮುದ್ರದ ಸದ್ದಿನಷ್ಟೇ ಮೆಲ್ಲಗೆ ತಲುಪುತ್ತದೆ.

ಬಿಸಿಲು ಮರದ ತುದಿಗೆ ಏರಿದಾಗ ಒಂದು ಹೆಣ್ಣು ಬಂತು. ಹಿಂದೆಯೇ ಮರಿ. ಸುಧಾಕರ ಕೋವಿ ಎತ್ತಲಿಲ್ಲ. ಅವು ಮೇಯುತ್ತಾ ದಾಟಿ ಹೋದವು. ಮತ್ತೆ ಬಹಳ ಹೊತ್ತು ಏನೂ ಇಲ್ಲ. ಬೆಳ್ಳಗಿನ ಚುಕ್ಕೆಯ ಹಕ್ಕಿಯೊಂದು ಗದರಿ ಎದ್ದಾಗ ಮುಳ್ಳುಪೊದೆಯ ಬಾಯಿಯಲ್ಲಿ ಗಂಡು ನಿಂತಿತ್ತು. ಗಿಡ್ಡ ಕೋಡು, ಬಾಗಿದ ಬೆನ್ನು. ತಲೆ ತಗ್ಗಿಸಿ ಸಸಿಯೊಂದರ ಕುಡಿ ಚಿವುಟಿತು.

ಅವನು ಕೋವಿಯನ್ನು ಎಡಭುಜಕ್ಕೆ ತಂದ. ನಾನು ಅವನ ಬೆರಳನ್ನು ನೋಡಲಿಲ್ಲ, ಉಸಿರನ್ನು ಕೇಳಿಸಿಕೊಳ್ಳುತ್ತಿದ್ದೆ. ಗಂಡು ಓರೆಯಾಗಿತ್ತು, ಅವನು ಕಾದ. ಒಂದು ಹೆಜ್ಜೆ ಇಟ್ಟು ಅಡ್ಡವಾಯಿತು, ಆಗಲೂ ಕಾದ. ಅದು ಕತ್ತೆತ್ತಿ ನಿಂತಾಗ ಸದ್ದಾಯಿತು. ಸದ್ದು ಕುಗ್ಗಿಸುವ ಕೊಳವೆ ಇದ್ದದ್ದರಿಂದ ಹಲಗೆ ಬಿದ್ದಷ್ಟೇ. ಪ್ರಾಣಿ ನಿಂತಲ್ಲೇ ಮಡಿಸಿಕೊಂಡು ಬಿತ್ತು. ಕಾಲು ಕೂಡ ಆಡಲಿಲ್ಲ.

ನನ್ನ ಕಣ್ಣಲ್ಲಿ ನೀರು ಬಂತು. ಸತ್ತದ್ದಕ್ಕೋ, ಅದು ನೋವಿಲ್ಲದೆ ಸತ್ತದ್ದಕ್ಕೋ, ಇವನ ಗುಂಡು ಗುರಿ ಸೇರಿದ್ದಕ್ಕೋ ನನಗೆ ಈಗಲೂ ಗೊತ್ತಿಲ್ಲ. ಸುಧಾಕರ ಬೋಲ್ಟ್ ಎಳೆದು ಕೋವಿಯನ್ನು ಖಾಲಿ ಮಾಡಿದ. ಕೈ ಜೋಡಿಸಲಿಲ್ಲ, ಆದರೆ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಗುಂಡು ತಗುಲಿದ ಕೂಡಲೇ ಇಳಿದು ಓಡಬಾರದು ಎನ್ನುವುದು ಇಲ್ಲಿ ಕಲಿಸುವ ಪಾಠ. ಸ್ವಲ್ಪ ಹೊತ್ತು ಅಲ್ಲೇ ಕೂತಿರಬೇಕು. ಪ್ರಾಣಿಯಲ್ಲಿ ಜೀವ ಉಳಿದಿದ್ದರೆ ಬೆದರಿ ಏಳದಿರಲಿ ಎಂದು. ಇಲ್ಲಿ ಅದರ ಅಗತ್ಯವಿರಲಿಲ್ಲ. ಆದರೂ ಕೂತೆವು. ಬೆಳಕು ನಿಧಾನ ತಗ್ಗುತ್ತಿತ್ತು. ಕಣಿವೆಯ ಆಚೆ ಬದಿಯಿಂದ ಇನ್ನೊಂದು ಕಾಡುಕುರಿ ಬೊಗಳಲು ಶುರುಮಾಡಿತು. ಒಂದು ಸಲ, ಬಿಟ್ಟು ಇನ್ನೊಂದು ಸಲ.

"ಅಕ್ಕ, ನಾ ಇಲ್ಲಿಗ್ ಬಂದ್ ಇಷ್ಟ್ ವರ್ಷ ಆಯ್ತ್," ಎಂದ ಅವನು, ನನ್ನ ಕಡೆ ತಿರುಗದೆ. "ಮಾತಾಡೂಕೆ ಎಷ್ಟೋ ಜನ ಸಿಕ್ಕಿರ್. ಹತ್ರ ಕೂಕಂಡ್ ಸುಮ್ಮನಿಪ್ಪುಕೆ ಒಬ್ರೂ ಸಿಕ್ಲಿಲ್ಲೆ."

ಮುಂದಿನ ವಾರದ ವಿಮಾನದ ನೆನಪು ಇಬ್ಬರಿಗೂ ಇತ್ತು. ಹೊಲದ ಕಡೆಯಿಂದ ಟಾಮ್‌ನ ಮನೆಯ ದೀಪ ಹೊತ್ತಿಕೊಂಡಿತು. ಸುಧಾಕರ ಟೋಪಿ ತಲೆಗೆ ಹಾಕಿಕೊಂಡು ಕಾಲನ್ನು ಏಣಿಯ ಮೇಲಿಟ್ಟ.

"ಹೋಪನಾ?"

ನಾನು ಅವನ ತೋಳು ಹಿಡಿದೆ.

"ಇನ್ನೊಂಚೂರ್ ಕೂಕಂಬ."